ಬೋರ್ಡಿಗೆ ಅಡ್ಡ ನಿಂತವಳು

ಗುದ್ನೆಪ್ಪನ ಕಣ್ಣಿನಂಥ ಕಣ್ಣು ಸುತ್ತಲಿನ ತಾಲೂಕುಗಳಲ್ಲಿ ಇನ್ನೊಂದಿರಲಿಲ್ಲ. ಇದ್ದರೆ ಕರೆದುಕೊಂಡು ಬನ್ನಿ, ಪಂದ್ಯ ಆಗಿಯೇಹೋಗಲಿ.

ರೈಲ್ವೆ ಸ್ಟೇಷನ್ನಿನ ಫೋಟೋ ತೋರಿಸಿದರೆ ಸಾಕು, ಊರು ಹೇಳುತ್ತಿದ್ದ. ಹೆಸರಿನ ಬೋರ್ಡು ಕಾಣಬೇಕೆಂದಿಲ್ಲ. ಹಳಿ ಪಕ್ಕದ ಮಣ್ಣು, ಪ್ಲಾಟ್‌ಫಾರ್ಮಿನ ಕಲ್ಲು, ಹಿಂದಿನ ಗುಡ್ಡ ಇದ್ದರೆ ಆಯಿತು. ಬಸ್‌ಸ್ಟ್ಯಾಂಡಾದರಂತೂ ಚಹಾ ಆರುವುದರೊಳಗೆ ಮುಗಿಸುತ್ತಿದ್ದ.

ಹಳಿ ಬದಿಗೆ ಕುರಿ ಮೇಯಿಸುತ್ತ ಬೆಳೆದವನು. ಈಗ ಹೊಳೆದಂಡೆಯ ಮಠದ ಸ್ವಾಮಿಗಳಾದ ಅಜ್ಜನವರ ಶಿಷ್ಯ. ಮಠಕ್ಕೆ ಬಂದವರು ಅಜ್ಜನವರಿಗೆ ಕೈಮುಗಿದು, ಸೀದಾ ಇವನ ಮುಂದೆ ಫೋನು ಹಿಡಿಯುತ್ತಿದ್ದರು.

"ಕಂಬ ತೋರಸ್ರಿ, ಊರು ಹೇಳ್ತೀನಿ," ಅನ್ನುತ್ತಿದ್ದ ಗುದ್ನೆಪ್ಪ. ಹೇಳಿಯೂ ಬಿಡುತ್ತಿದ್ದ.

ಅಜ್ಜನವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಒಂದು ಬೆಳಿಗ್ಗೆ ಅಂಗಳದಲ್ಲಿ ಜೀಪು ನಿಂತಿತು. ಇಳಿದವನು ಒಬ್ಬ. ಒಳಗೇ ಕೂತವರು ಇಬ್ಬರು.

"ಊರು ಹೇಳಾವ ಯಾರು?"

"ನಾನ," ಅಂದ ಗುದ್ನೆಪ್ಪ, ಕಸಬರಿಗೆ ಬದಿಗಿಟ್ಟು.

"ನನ್ನ ತಂಗಿ ಮನಿ ಬಿಟ್ಟು ಹೋಗ್ಯಾಳ. ಅವ್ವನ ಫೋನಿಗೆ ಇದೊಂದು ಫೋಟೋ ಕಳಿಸ್ಯಾಳ, ಅಷ್ಟ. ಎಲ್ಲದಾಳ ಹೇಳು. ಅವ್ವ ಅತ್ತ ಅತ್ತ ಹಾಸಿಗಿ ಹಿಡಿದಾಳ."

ಅಜ್ಜನವರು ಕಟ್ಟೆಯ ಮೇಲಿಂದ ಕೇಳಿದರು. "ಸಿಕ್ಕರ ಏನ್ಮಾಡ್ತೀಯಪ್ಪಾ?"

"ಮನಿಗೆ ಕರಕೊಂಡು ಬರ್ತೀನ್ರಿ."

"ಬರೂದಿಲ್ಲ ಅಂದ್ರ?"

ಅವನು ಜೀಪಿನ ಕಡೆ ನೋಡಿದ.

ಗುದ್ನೆಪ್ಪ ಇದ್ಯಾವುದನ್ನೂ ಗಮನಿಸಲಿಲ್ಲ. ಫೋಟೋ ಆಗಲೇ ಅವನ ಫೋನಿಗೆ ಬಂದಿತ್ತು.

"ಸಂಜಿ ಭಜನಿಗೆ ಬರ್ರಿ. ಎಲ್ಲಾರ ಮುಂದ ಹೇಳ್ತೀನಿ. ಹೇಳಲಿಲ್ಲಂದ್ರ ಈ ಮೀಸಿ ಬೋಳಸ್ತೀನಿ."

ಫೋಟೋ ಸುಲಭದ್ದಾಗಿರಲಿಲ್ಲ. ಸಣ್ಣ ಸ್ಟೇಷನ್ನು. ಹೆಸರಿನ ಬೋರ್ಡಿನ ಮುಂದೆಯೇ ಹುಡುಗಿ ನಿಂತುಬಿಟ್ಟಿದ್ದಳು. ಎರಡೂ ಕೈ ಅಗಲಿಸಿ ಸೆರಗು ಹರಡಿದ್ದಳು, ಒಂದಕ್ಷರ ಕಾಣುತ್ತಿರಲಿಲ್ಲ. ಗುದ್ನೆಪ್ಪ ಗೊಣಗಿದ. "ಸಿನಿಮಾದಾಕಿ ಆಗ್ಯಾಳ! ಒಂಚೂರು ಸರದು ನಿಂದ್ರಾಕ ಏನಾಗಿತ್ತು?"

ಆದರೂ ಅವನು ಬಿಡುವ ಆಸಾಮಿಯಲ್ಲ. ಊಟಕ್ಕೆ ಏಳಲಿಲ್ಲ. ಕಪ್ಪು ಮಣ್ಣು ನೋಡಿದ. ದೂರದ ಗಾಳಿ ಗಿರಣಿಗಳನ್ನು ನೋಡಿದ. ಕೊನೆಗೆ ಸೆರಗಿನ ಅಂಚಿನ ಕೆಳಗೆ ಇಣುಕುತ್ತಿದ್ದ ಅಂಕಿ ಕಣ್ಣಿಗೆ ಬಿತ್ತು. ಊರು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂದು ಬೋರ್ಡಿನ ಅಡಿಯಲ್ಲಿ ಬರೆದಿರುತ್ತಾರಲ್ಲ, ಅದು. ಆ ಎತ್ತರ, ಆ ಮಣ್ಣು, ಆ ಗಿರಣಿ. ಮೂರೂ ಕೂಡುವ ಸ್ಟೇಷನ್ನು ಒಂದೇ ಒಂದು.

ಗುದ್ನೆಪ್ಪ ಹೊಳೆಗೆ ಓಡಿದ. ಅಜ್ಜನವರು ಪಂಜೆ ಒಗೆಯುತ್ತಿದ್ದರು.

"ಅಜ್ಜಾರ, ಸಿಕ್ತರಿ!"

"ಏನು ಸಿಕ್ತು?"

"ಊರು! ನನ್ನ ಬಿಟ್ಟು ಇನ್ಯಾರಿಗೂ ಸಿಗತಿರಲಿಲ್ಲ, ಬರದು ಕೊಡ್ತೀನಿ."

"ಫೋಟೋದಾಗ ಏನೇನೈತಿ?"

"ಎರಿ ಮಣ್ಣು. ಗಾಳಿ ಗಿರಣಿ. ಬೋರ್ಡಿನ ಅಡಿ ಅಂಕಿ."

"ಮತ್ತ?"

"ನೀರಿನ ಟಾಕಿ ಐತ್ರಿ. ಅದು ಲೆಕ್ಕಕ್ಕಿಲ್ಲ, ಎಲ್ಲಾ ಕಡೆ ಹಂಗ ಇರ್ತೈತಿ."

"ಮತ್ತ?"

"ಮತ್ತೇನಿಲ್ಲರಿ."

"ಹುಡುಗಿ?"

"ಆಕೀನ? ಆಕಿ ಅಡ್ಡ ಬಂದಾಳ್ರಿ. ಆಕಿ ಇರಲಿಲ್ಲಂದ್ರ ಬೆಳಿಗ್ಗೇನ ಹೆಸರು ಓದಿ ಒಗೀತಿದ್ದೆ."

ಅಜ್ಜನವರು ಪಂಜೆ ಹಿಂಡಿದರು. ಕೊಡವಿದರು. ಎರಡೂ ಕೈ ಅಗಲಿಸಿ ಅದನ್ನು ಹರಡಿ ಹಿಡಿದು ಸುಮ್ಮನೆ ನಿಂತರು.

"ನಾ ಯಾಕ ಹಿಂಗ ನಿಂತೀನಿ?"

"ಆರಸಾಕರಿ."

"ಆಕಿ ಯಾಕ ನಿಂತಾಳ?"

ಗುದ್ನೆಪ್ಪ ನಗಲು ಬಾಯಿ ತೆರೆದವನು ಹಾಗೇ ಉಳಿದ. ಫೋನು ತೆಗೆದ. ಈ ಸಲ ಮಣ್ಣು ನೋಡಲಿಲ್ಲ, ಕಂಬ ನೋಡಲಿಲ್ಲ.

ಹುಡುಗಿ ನಗುತ್ತಿದ್ದಳು. ಸೆರಗಿನ ಎರಡೂ ತುದಿ ಬಿಗಿಯಾಗಿ ಮುಷ್ಟಿಯಲ್ಲಿದ್ದವು. ಗಾಳಿಗೆ ಹಾರೀತೆಂದು ಒಂದು ತುದಿಯನ್ನು ಬೋರ್ಡಿನ ಮೂಲೆಗೆ ಒತ್ತಿ ಹಿಡಿದಿದ್ದಳು.

"ಅಜ್ಜಾರ... ಬೇಕಂತ ಮುಚ್ಯಾಳ್ರಿ."

ಅವನು ಫೋನನ್ನು ಇನ್ನಷ್ಟು ಹತ್ತಿರ ಹಿಡಿದ.

"ಅವ್ವಗ ಮುಖ ತೋರಸ್ಬೇಕು, ಇವರಿಗೆ ಊರು ತೋರಸ್ಬಾರದು." ಬೆಳಗಿನ ಜೀಪು ಅವನಿಗೆ ಈಗ ಕಂಡಿತು. ಒಳಗೆ ಕೂತಿದ್ದ ಇಬ್ಬರು ಕಂಡರು. "ಅಂಕಿ ಒಂದು ಆಕೀಗೆ ಗೊತ್ತಾಗಿಲ್ಲ. ನಾ ಹೇಳಿದ್ರ ಇವರು ಆಕೀನ್ನ ಜೀವಂತ ಬಿಡೂದಿಲ್ಲ."



ಗುದ್ನೆಪ್ಪ ಎದೆ ಸೆಟೆಸಿದ. "ಸಂಜೀಕ ಎಲ್ಲಾರ ಮುಂದ ಅಂತೀನಿ. ಊರು ನನಗ ಗೊತ್ತೈತಿ, ಹೇಳೂದಿಲ್ಲ, ಏನ್ ಹರಕೋತಿ ಹರಕೋ ಅಂತೀನಿ."

"ಹಂಗಂದ್ರ ಫೋಟೋದಾಗ ಊರು ಐತಿ ಅಂತ ಅವಗ ಖಾತ್ರಿ ಆಗ್ತೈತಿ. ನಿನಗಿಂತ ಶಾಣ್ಯಾನ್ನ ಹುಡುಕ್ತಾನ."

"ನನಗಿಂತ ಶಾಣ್ಯಾ ಯಾವ ಅದಾನ್ರಿ?"

ಅಜ್ಜನವರು ಪಂಜೆಯನ್ನು ಬಂಡೆಯ ಮೇಲೆ ಹರಡಿದರು.

"ಬ್ಯಾರೆ ಊರು ಹೇಳಿ ಆ ಕಡೆ ಓಡಸ್ಲೇನ್ರಿ?"

"ಆ ಊರಾಗ ಹೆಣ್ಣುಮಕ್ಕಳು ಇಲ್ಲೇನು? ಇವರು ಮನಿ ಮನಿ ಹೊಕ್ಕು ಅವರನ್ನ ಕಾಡೂದಿಲ್ಲೇನು?"

ಗುದ್ನೆಪ್ಪನಿಗೆ ಉಳಿದದ್ದು ಒಂದೇ ಮಾತು. ಹುಟ್ಟಿದಾಗಿನಿಂದ ಅವನು ಆಡದ ಮಾತು.

ಸಂಜೆ ಅಂಗಳ ತುಂಬಿತ್ತು. ಗುದ್ನೆಪ್ಪ ಪಂದ್ಯ ಹಾಕಿದ್ದಾನೆಂಬ ಸುದ್ದಿ ಊರೆಲ್ಲ ಸುತ್ತಿ ಬಂದಿತ್ತು. ಹಾರ್ಮೋನಿಯಂ ತೋಟಪ್ಪ ಪೆಟ್ಟಿಗೆಯನ್ನೇ ತೆರೆಯದೆ ಮುಂದಿನ ಸಾಲಿನಲ್ಲಿ ಕೂತಿದ್ದ.

"ನಮ್ಮ ಹುಡುಗ ಸೋಲಾಕ ಸಾಧ್ಯ ಇಲ್ಲ," ಎಂದು ಜೀಪಿನವನಿಗೆ ಅವನೇ ಭರವಸೆ ಕೊಡುತ್ತಿದ್ದ.

"ಹೇಳಪಾ," ಅಂದ ಜೀಪಿನವನು. "ಯಾವೂರು?"

ಊರಿನ ಹೆಸರು ಗುದ್ನೆಪ್ಪನ ನಾಲಿಗೆಯ ತುದಿಗೆ ಬಂದು ಕುಣಿಯಿತು. ಸೊಗಸಾದ ಹೆಸರು. ಅಂದರೆ ಅಂಗಳವೆಲ್ಲ ಶಿಳ್ಳೆ ಹೊಡೆಯುತ್ತಿತ್ತು.

ಹಲ್ಲು ಕಚ್ಚಿ ನುಂಗಿದ.

"ಗೊತ್ತಾಗಲಿಲ್ಲರಿ."

ತೋಟಪ್ಪ ಎದ್ದೇ ನಿಂತ. "ಏ, ಚ್ಯಾಷ್ಟಿ ಸಾಕು, ಹೇಳೋ!"

"ಚ್ಯಾಷ್ಟಿ ಅಲ್ಲ ಕಾಕಾ. ಸೋತೀನಿ."

ಜೀಪಿನವನು ಫೋನನ್ನು ಅವನ ಮೂಗಿಗೆ ತಗಲುವಂತೆ ಹಿಡಿದ. ಬೆರಳಿನಿಂದ ಫೋಟೋ ದೊಡ್ಡದು ಮಾಡಿದ.

"ಇಲ್ಲೇ ಸೆರಗಿನ ಬುಡಕ ಏನೋ ಅಂಕಿ ಐತಲ್ಲ. ಇದೇನು?"

ಮೂರು ವರ್ಷದ ಮಗುವಿಗೂ ತಿಳಿಯುವಂತೆ ಅದನ್ನು ವಿವರಿಸಬಲ್ಲವನು ಗುದ್ನೆಪ್ಪ. ವಿವರಿಸಲು ನಾಲಿಗೆ ತುರಿಸಿತು. ಅಜ್ಜನವರ ಕಡೆ ನೋಡಿದ. ಅವರು ಕಣ್ಣು ಮುಚ್ಚಿ ಕೂತಿದ್ದರು.

"ಏನೋ ರೈಲ್ವೇದವರ ಗುರ್ತು ಇರಬೇಕ್ರಿ. ಕುರಿ ಕಾಯಾವಗ ಅದೆಲ್ಲ ಏನು ತಿಳೀತೈತಿ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಅಂಗಳವೇ ನಕ್ಕಿತು.

"ಕುರಿ ಕಾಯಾವನ ಮಾತು ಕೇಳಿ ಒಂದು ದಿನ ಹಾಳ ಮಾಡಕೊಂಡೆ," ಎಂದು ಜೀಪಿನವನು ಉಗುಳಿ ನಡೆದ. ಜೀಪು ಧೂಳೆಬ್ಬಿಸಿ ಹೋಯಿತು.

"ಮೀಸಿ!" ಎಂದು ಕೂಗಿದರು ಜನ.

ಗುದ್ನೆಪ್ಪ ಅಲ್ಲೇ ಕೂತು ಬೋಳಿಸಿಕೊಂಡ. ತೋಟಪ್ಪ ಮುಖ ತಿರುವಿ ಪೆಟ್ಟಿಗೆ ತೆರೆದ. ಭಜನೆ ಮುಗಿಯುವವರೆಗೂ ಗುದ್ನೆಪ್ಪ ತಲೆ ತಗ್ಗಿಸಲಿಲ್ಲ, ಎಲ್ಲರಿಗಿಂತ ಜೋರಾಗಿ ತಾಳ ಹಾಕಿದ.

ಜನ ಚದುರಿದ ಮೇಲೆ ಅಜ್ಜನವರ ಕಾಲ ಬಳಿ ಬಂದು ಕೂತ. ಬೋಳು ತುಟಿಯ ಮೇಲೆ ಕೈಯಾಡಿಸಿದ. ಸ್ವಲ್ಪ ಹೊತ್ತು ತಡೆದುಕೊಂಡ. ಆಗಲಿಲ್ಲ.

"ಅಜ್ಜಾರ, ನಿಮ್ಮ ಒಬ್ಬರ ಕಿವ್ಯಾಗರ ಹೇಳ್ಲೇನ್ರಿ, ಅದು ಯಾವೂರು ಅಂತ?"

ಅಜ್ಜನವರು ಅವನ ತಲೆಯ ಮೇಲೆ ಕೈಯಿಟ್ಟರು.

"ಆಕಿ ಹೆಂಗ ಕಾಣ್ತಾಳ ಹೇಳು."

"ನಗಾಕತ್ತಾಳ್ರಿ."

"ಅಷ್ಟು ಗೊತ್ತಾತಲ್ಲ. ಇನ್ನ ಊರು ತಗೊಂಡು ನಾ ಏನ್ಮಾಡ್ಲಿ?"