ತಿಪ್ಪಣ್ಣನ ಟ್ರ್ಯಾಕ್ಟರು ಮತ್ತು ಹೊಳೆಯುವ ನಟ್ಟು

ಒಂದು ಕಾಡಿನಲ್ಲಿ ಪ್ರಾಣಿಗಳಿಗೆಲ್ಲ ಸೇರಿ ಒಂದೇ ಒಂದು ಹಳೆಯ ಟ್ರ್ಯಾಕ್ಟರ್ ಇತ್ತು. ಅದನ್ನು ಓಡಿಸುತ್ತಿದ್ದದ್ದು ತಿಪ್ಪಣ್ಣ ಎಂಬ ಕರಡಿ. ಅಲ್ಲಿ ಎಲ್ಲರೂ ಮುಯ್ಯಿ ಮಾಡುತ್ತಿದ್ದರು. ಮುಯ್ಯಿ ಎಂದರೆ ಇಂದು ಎಲ್ಲರೂ ಒಬ್ಬರ ಹೊಲದಲ್ಲಿ ದುಡಿಯುವುದು, ನಾಳೆ ಇನ್ನೊಬ್ಬರ ಹೊಲದಲ್ಲಿ ದುಡಿಯುವುದು.

ಮಳೆ ಬಂದು ಭೂಮಿ ಹದವಾಗಿತ್ತು. ಹದ ಎಂದರೆ ಮಣ್ಣು ತೀರಾ ಕೆಸರೂ ಅಲ್ಲ, ತೀರಾ ಗಟ್ಟಿಯೂ ಅಲ್ಲ. ಅದು ಆರುವುದರೊಳಗೆ ಉತ್ತು ರಾಗಿ ಬಿತ್ತಬೇಕು. ಆದರೆ ಟ್ರ್ಯಾಕ್ಟರ್ ಕೈಕೊಟ್ಟಿತು. ಗೇರ್ ಹಾಕಲು ಹೋದರೆ ‘ಕರ್ರ್’ ಎಂದು ಹಲ್ಲು ಕಡಿಯುತ್ತಿತ್ತು.

ರಿಪೇರಿ ಗೊತ್ತಿದ್ದದ್ದು ಕೆಂಚ ಎಂಬ ನರಿಗೆ ಮಾತ್ರ.

“ಗೇರ್‌ಬಾಕ್ಸಿಗೆ ವಯಸ್ಸಾಯ್ತು ತಿಪ್ಪಣ್ಣ,” ಎಂದಿತು ಕೆಂಚ. “ಬಿಚ್ಚಿ ಕಟ್ಟೋಕೆ ಒಂದು ಹಗಲು ಪೂರ್ತಿ ಬೇಕು. ಒಂದು ಗಡಿಗೆ ಜೇನು ಕೊಡು. ಯಾರೂ ಹತ್ತಿರ ಸುಳೀಬೇಡಿ, ಒಳಗೆ ದೂಳು ಬೀಳುತ್ತೆ.”

ತಿಪ್ಪಣ್ಣ ಜೇನು ಕೊಟ್ಟ. ಟ್ರ್ಯಾಕ್ಟರ್ ಸರಿಹೋಯಿತು. ಒಂದು ಹೊಲ ಉಳುವಷ್ಟರಲ್ಲಿ ಮತ್ತೆ ‘ಕರ್ರ್’ ಎಂದಿತು. ಮತ್ತೆ ಒಂದು ಹಗಲು ಹೋಯಿತು, ಮತ್ತೊಂದು ಗಡಿಗೆ ಹೋಯಿತು. ಈಗ ತಿಪ್ಪಣ್ಣನ ಬಳಿ ಉಳಿದದ್ದು ಕೊನೆಯ ಗಡಿಗೆ. ಅದು ಚಳಿಗಾಲದಲ್ಲಿ ಮರಿಗಳಿಗೆಂದು ಎತ್ತಿಟ್ಟದ್ದು. ಅದೂ ಹೋದರೆ ಮರಿಗಳು ಹಸಿದುಕೊಂಡಿರಬೇಕು.

ಮರುದಿನ ಬೆಳಿಗ್ಗೆ ಪುಟ್ಟಕ್ಕ ಎಂಬ ಅಳಿಲು ಟ್ರ್ಯಾಕ್ಟರಿನ ಕೆಳಗೆ ನುಸುಳಿತು.

“ತಿಪ್ಪಣ್ಣಾ, ಇಲ್ಲಿ ನೋಡು! ಎಲ್ಲಾ ಕಡೆ ಹಳೇ ಮಣ್ಣು ಮೆತ್ತಿಕೊಂಡಿದೆ. ಕ್ಲಚ್ಚಿನ ಸರಳಿನ ಈ ನಟ್ಟು ಮಾತ್ರ ಫಳಫಳ ಹೊಳೀತಿದೆ. ನನ್ನ ಕೈಗೇ ತಿರುಗುತ್ತೆ!”

ತಿಪ್ಪಣ್ಣನಿಗೆ ಅರ್ಥವಾಯಿತು. ನಿಮಗೂ ಅರ್ಥವಾಗಲೆಂದು ಹೇಳುತ್ತೇನೆ. ಗೇರ್ ಬದಲಿಸುವಾಗ ಎಂಜಿನ್ನಿನ ಓಟವನ್ನು ಗೇರುಗಳಿಂದ ಬಿಡಿಸುವುದು ಕ್ಲಚ್ಚು. ಆ ನಟ್ಟು ಸಡಿಲವಾದರೆ ಪೆಡಲು ಎಷ್ಟು ತುಳಿದರೂ ಕ್ಲಚ್ಚು ಪೂರ್ತಿ ಬಿಡುವುದಿಲ್ಲ. ಆಗ ಗೇರ್ ಬೀಳದೆ ‘ಕರ್ರ್’ ಎನ್ನುತ್ತದೆ. ಮಣ್ಣು ಮೆತ್ತಿಕೊಂಡಿದ್ದ ಗೇರ್‌ಬಾಕ್ಸನ್ನು ಕೆಂಚ ಬಿಚ್ಚಿಯೇ ಇರಲಿಲ್ಲ, ಅದಕ್ಕೆ ಏನೂ ಆಗಿರಲಿಲ್ಲ. ಕೆಂಚ ಪ್ರತಿಸಲವೂ ನಟ್ಟನ್ನು ಬೇಕೆಂದೇ ಬಿಗಿಮಾಡದೆ ಬಿಡುತ್ತಿತ್ತು.

ತಿಪ್ಪಣ್ಣ ಸಿಟ್ಟಾಗಲಿಲ್ಲ. ನಟ್ಟನ್ನೂ ಮುಟ್ಟಲಿಲ್ಲ. ಜಿಂಕೆಯ ಕಿವಿಯಲ್ಲಿ ಏನೋ ಹೇಳಿ, ಎಲ್ಲರನ್ನೂ ಕರೆದ.

“ಇವತ್ತು ಕೆಂಚನ ಹೊಲ ಉಳೋಣ.”

ಕೆಂಚ ಬೆಚ್ಚಿಬಿತ್ತು. “ಅಯ್ಯೋ, ಇವತ್ತು ಜಿಂಕೆಯ ಸರದಿ ಅಲ್ವಾ?”

“ನಿಂದು ಮರಳುಮಣ್ಣು ಕೆಂಚ. ಸಂಜೆಯೊಳಗೆ ಹದ ಆರಿಹೋಗುತ್ತೆ. ಜಿಂಕೆ ಸರದಿ ಬಿಟ್ಟುಕೊಟ್ಟಿದೆ.”

ಕೆಂಚನ ಹೊಲದಲ್ಲಿ ಎರಡು ಸಾಲು ಉತ್ತಾಯಿತು. ತಿರುವಿನಲ್ಲಿ ‘ಕರ್ರ್’ ಎಂದು ಟ್ರ್ಯಾಕ್ಟರ್ ನಿಂತಿತು. ತಿಪ್ಪಣ್ಣ ನಿಧಾನವಾಗಿ ಕೆಳಗಿಳಿದ.

“ಗೇರ್‌ಬಾಕ್ಸು ಹೋಯ್ತಪ್ಪ. ಒಂದು ಹಗಲು ಪೂರ್ತಿ ಬೇಕಲ್ಲ? ನಡೀರಿ ಎಲ್ಲಾ, ದೂಳು ಬೀಳುತ್ತೆ. ನಾಳೆ ಬರೋಣ.”

ಎಲ್ಲರೂ ಹೊರಟರು. ಬಿಸಿಲು ಏರುತ್ತಿತ್ತು. ಕೆಂಚ ಒಣಗುತ್ತಿರುವ ಮಣ್ಣನ್ನು ನೋಡಿತು, ಹೋಗುತ್ತಿರುವವರ ಬೆನ್ನು ನೋಡಿತು. ನಾಳೆ ಬಂದರೆ ಏನು ಪ್ರಯೋಜನ?

“ನಿಲ್ಲಿ, ನಿಲ್ಲಿ! ಈಗಲೇ ಮಾಡ್ತೀನಿ!”

ಅದು ಟ್ರ್ಯಾಕ್ಟರಿನ ಕೆಳಗೆ ನುಗ್ಗಿ, ಸ್ಪ್ಯಾನರ್ ಹಾಕಿ ನಾಲ್ಕು ಸುತ್ತು ತಿರುಗಿಸಿ ಎದ್ದು ಬಂತು. ತಿಪ್ಪಣ್ಣ ಗೇರ್ ಹಾಕಿದ. ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಬಿತ್ತು.

ಜಿಂಕೆ ಕಣ್ಣರಳಿಸಿ ಕೇಳಿತು, “ಒಂದು ಹಗಲು ಇಷ್ಟು ಬೇಗ ಮುಗೀತಾ ಕೆಂಚಮಾವ?”

ಎಲ್ಲರೂ ಗೊಳ್ಳೆಂದು ನಕ್ಕರು. ತಿಪ್ಪಣ್ಣ ಕೈಚಾಚಿ ಸ್ಪ್ಯಾನರ್ ಇಸಿದುಕೊಂಡ.

“ಇನ್ನು ಇದು ನನ್ನ ಹತ್ತಿರ ಇರಲಿ. ನೀನು ಹಾಳುಮಾಡಿದ ಹಗಲುಗಳಲ್ಲಿ ಬೇರೆಯವರ ಹದ ಆರುತ್ತಾ ಬಂದಿದೆ. ಮೊದಲು ಅವರ ಹೊಲ, ಕೊನೆಗೆ ನಿಂದು.”

ಟ್ರ್ಯಾಕ್ಟರ್ ಒಮ್ಮೆಯೂ ‘ಕರ್ರ್’ ಎನ್ನದೆ ಜಿಂಕೆಯ ಹೊಲಕ್ಕೆ ಹೋಯಿತು. ಆ ವರ್ಷ ಕೆಂಚ ಗಟ್ಟಿಯಾದ ಮಣ್ಣಿನ ಹೆಂಟೆಗಳನ್ನು ಒಂದೊಂದಾಗಿ ಒಡೆದು ಬಿತ್ತಿತು. ಚಳಿಗಾಲದಲ್ಲಿ ತಿಪ್ಪಣ್ಣನ ಮರಿಗಳು ಕೊನೆಯ ಗಡಿಗೆಯ ಸುತ್ತ ಕುಳಿತು ಬೆರಳು ನೆಕ್ಕಿದವು.

ನೀತಿ: ಎಲ್ಲರಿಗೂ ಬೇಕಾದ ವಸ್ತುವನ್ನು ಸ್ವಂತ ಲಾಭಕ್ಕಾಗಿ ಕೆಡಿಸುವವನು, ತನಗೆ ಅದು ಬೇಕಾದಾಗ ತನ್ನ ಮೋಸಕ್ಕೆ ತಾನೇ ಸಿಕ್ಕಿಬೀಳುತ್ತಾನೆ.