ಬಾಣಂತಿ ಮರ ಮತ್ತು ತಾಮ್ರದ ಆಳು

ಏಳು ಗುಡ್ಡ ದಾಟಿದರೆ ಒಂದು ರಾಜ್ಯ. ಆ ರಾಜ್ಯಕ್ಕೊಬ್ಬ ರಾಜ, ಚಿಕ್ಕರಸ ಅಂತ ಹೆಸರು. ರಾಜನ ಅರಮನೆಯಲ್ಲಿ ಒಬ್ಬ ಆಳು. ಆ ಆಳಿಗೆ ಅಪ್ಪ ಇಲ್ಲ, ಅಮ್ಮ ಇಲ್ಲ. ಊರಿನ ಕಂಚುಗಾರರು ತಾಮ್ರ ಬಡಿದು, ಒಳಗೆ ಹಲ್ಲಿನ ಚಕ್ರ ಕೂಡಿಸಿ ಅವನನ್ನು ಮಾಡಿದ್ದರು. ಈಗಿನ ಮಕ್ಕಳು ನೀವು ರೋಬೋ ಅನ್ನುತ್ತೀರಲ್ಲ, ಅದೇ. ನಡೆದರೆ ಠಣ್. ಕೂತರೆ ಠಣ್. ತಲೆ ಆಡಿಸಿದರೂ ಠಣ್. ಊರವರು ಅವನನ್ನು ಠಣ್ಣಪ್ಪ ಅಂತ ಕರೆದರು.

ಠಣ್ಣಪ್ಪ ನೀರು ಸೇದುತ್ತಿದ್ದ. ಸೌದೆ ಒಡೆಯುತ್ತಿದ್ದ. ರಾಗಿ ಮೂಟೆ ಹೊರುತ್ತಿದ್ದ. ಹೇಳಿದ ಕೆಲಸ ಮುಗಿಸಿ, ಮುಂದಿನದನ್ನು ಹೇಳಿಸಿಕೊಳ್ಳಲು ಬಂದು ನಿಲ್ಲುತ್ತಿದ್ದ. ಯಾವ ಕೆಲಸಕ್ಕೂ ಆಗಲ್ಲ ಅಂದವನಲ್ಲ.

ಆ ರಾಜ್ಯದಲ್ಲಿ ಒಂದು ಪದ್ಧತಿ ಇತ್ತು. ಕಾಯಿ ಹೊತ್ತ ಮರವನ್ನು, ಗೂಡು ಹೊತ್ತ ಮರವನ್ನು ಅಲ್ಲಿಯ ಜನ ಬಾಣಂತಿ ಮರ ಅನ್ನುತ್ತಿದ್ದರು. ಹಸಿ ಬಾಣಂತಿಯನ್ನು ಯಾರಾದರೂ ಎಬ್ಬಿಸಿ ಹೊರಗೆ ಹಾಕುತ್ತಾರೆಯೇ? ಹಾಗೆಯೇ ಬಾಣಂತಿ ಮರಕ್ಕೆ ಕೊಡಲಿ ಹಾಕುವಂತಿಲ್ಲ. ಹಣ್ಣು ಉದುರಬೇಕು, ಮರಿ ಹಾರಿಹೋಗಬೇಕು, ಆಮೇಲೆ ಮಿಕ್ಕ ಮಾತು. "ಜೀವ ಇರುವ ಯಾವ ಕೈಯೂ ಬಾಣಂತಿ ಮರವನ್ನು ಕಡಿಯಬಾರದು" ಅಂತ ರಾಜನ ಅಜ್ಜನ ಅಜ್ಜ ಕಟ್ಟಳೆಯನ್ನೇ ಮಾಡಿದ್ದ.

ಅರಮನೆಯ ಪಾರುಪತ್ತೆಗಾರ ಮಾಚಯ್ಯ. ಆಳುಗಳೆಲ್ಲ ಅವನ ಮಾತಿನಂತೆ ನಡೆಯಬೇಕು. ಮಾಚಯ್ಯ ಹೊಸ ಮನೆ ಕಟ್ಟಿಸಿದ್ದ. ಹಜಾರಕ್ಕೊಂದು ತೂಗುಮಂಚ ಬೇಕು ಅಂತ ಅವನಿಗೆ ಆಸೆ. ಅದು ಹಲಸಿನದೇ ಆಗಬೇಕು. ಅರಿಶಿನದ ಬಣ್ಣ ಇರಬೇಕು. ಎಲ್ಲೂ ಜೋಡಣೆ ಕಾಣದ ಒಂದೇ ಹಲಗೆ ಆಗಬೇಕು. ಅಷ್ಟು ದಪ್ಪದ ಹಲಸು ರಾಜ್ಯಕ್ಕೆಲ್ಲ ಒಂದೇ, ಕೆರೆ ಏರಿಯ ಪಕ್ಕದ್ದು. ಆಗ ನೋಡಿದರೆ ಬೇಸಿಗೆ. ಬುಡದಿಂದ ಕೊಂಬೆಯವರೆಗೆ ಕಾಯಿಯೋ ಕಾಯಿ.

ಮರ ಕಡಿಯುವವರನ್ನು ಕರೆದು ಹೇಳಿದ. "ಬಿಡ್ತು ಅನ್ನಿ ಬುದ್ಧಿ, ನಮಗೂ ಹೆಂಡ್ರು ಮಕ್ಕಳು ಇದ್ದಾರೆ" ಅಂತ ಅವರು ಕಿವಿ ಮುಚ್ಚಿಕೊಂಡು ಹೊರಟೇಹೋದರು. ಸ್ವಲ್ಪ ದಿನ ತಡೆಯೋಣ ಅನ್ನುವುದು ಮಾಚಯ್ಯನ ಜಾಯಮಾನದಲ್ಲಿ ಇರಲಿಲ್ಲ. ಮೀಸೆ ತಿರುವುತ್ತಾ ಅತ್ತಿತ್ತ ಓಡಾಡಿದ. ಅಷ್ಟರಲ್ಲಿ ಠಣ್ಣಪ್ಪ ನೀರಿನ ಕೊಡ ಹೊತ್ತು ಎದುರಿಗೆ ಬಂದ. ಠಣ್, ಠಣ್, ಠಣ್. ಮಾಚಯ್ಯನ ಮುಖ ಅರಳಿತು.

"ಜೀವ ಇರೋ ಕೈ ತಾನೆ ಕಡೀಬಾರದು? ಇವನ ಕೈಗೆ ಜೀವ ಎಲ್ಲಿಂದ ಬಂತು! ಲೋ ಠಣ್ಣಪ್ಪ, ಕೊಡ ಇಳಿಸು. ಕೊಡಲಿ ತಗೊಂಡು ಹೋಗಿ ಏರಿ ಪಕ್ಕದ ಹಲಸು ಉರುಳಿಸಿ ಬಾ."

"ಆಗಲಿ ಬುದ್ಧಿ" ಅಂದ ಠಣ್ಣಪ್ಪ. ಹೊರಟ.

ಮರದ ಬುಡದಲ್ಲಿ ನಿಂತು ಕೊಡಲಿ ಎತ್ತಿದ. ಸರ್‍ರನೆ ಒಂದು ಅಳಿಲು ಇಳಿದು ಬಂತು.

"ಠಣ್ಣಪ್ಪಣ್ಣ, ತಡಿ ತಡಿ! ನನ್ನ ಮಕ್ಕಳು ಇನ್ನೂ ಕಣ್ಣು ಬಿಟ್ಟಿಲ್ಲ. ಇವತ್ತು ಮರ ಬಿದ್ದರೆ, ಹಗಲು ಅಂದರೆ ಹೆಂಗಿರುತ್ತೆ ಅಂತ ನೋಡದೇನೇ ಹೋಗ್ತವೆ."

ಎತ್ತಿದ ಕೈ ಎತ್ತಿದ ಹಾಗೆಯೇ ನಿಂತಿತು. ಠಣ್ಣಪ್ಪನಿಗೆ ಆಶ್ಚರ್ಯ. ಕಿಲುಬು ಹಿಡಿಯಿತೇ ಅಂತ ಹೆಗಲ ಕೀಲು ಮುಟ್ಟಿ ನೋಡಿಕೊಂಡ. ಇಲ್ಲ. ಕೊಡಲಿ ಇಳಿಸಿ ಹಿಂದಕ್ಕೆ ಹೋದ.

"ಬುದ್ಧಿ, ಕೈ ನಿಂತುಬಿಡ್ತು. ನನಗೆ ಜೀವ ಗೀವ ಏನಾದರೂ ಇದೆಯಾ?"

ಮಾಚಯ್ಯ ಹೊಟ್ಟೆ ಕುಲುಕಿಸಿ ನಕ್ಕ. "ನೀನು ಯಾವತ್ತಾದರೂ ಒಂದು ಮುದ್ದೆ ನುಂಗಿದ್ದೀಯೇನೋ? ಉಣ್ಣದೋನಿಗೆ ಎಂಥ ಜೀವ! ಕೀಲಿಗೆಲ್ಲ ಎಣ್ಣೆ ಬಿಟ್ಕೊಂಡು ನಾಳೆ ಹೋಗು."

ಮಾರನೆಯ ದಿನ ಠಣ್ಣಪ್ಪ ಮೈತುಂಬ ಎಣ್ಣೆ ಬಿಟ್ಟುಕೊಂಡು ಹೋದ. ಕೊಡಲಿ ಎತ್ತಿದ. ಪೊಟರೆಯಿಂದ ಒಂದು ಗೊರವಂಕ ತಲೆ ಹಾಕಿತು.

"ಏನಪ್ಪಾ, ಮಿರಮಿರ ಮಿಂಚ್ತಾ ಇದ್ದೀಯ! ಮದುವೆಗೆ ಹೊರಟೆಯಾ? ಮದುವೆಗೆ ಕೊಡಲಿ ಯಾಕೆ? ಓಹೋ, ಮರ ಕಡಿಯೋಕಾ! ಕಡಿ, ಕಡಿ. ನನಗೇನು, ರೆಕ್ಕೆ ಇದೆ. ಒಳಗೆ ಮೊಟ್ಟೆಗಳಿವೆ, ಅವಕ್ಕೆ ಇಲ್ಲ. ಅವಕ್ಕೊಂದು ಮಾತು ನೀನೇ ಹೇಳಿಬಿಡು."

ಠಣ್ಣಪ್ಪ ಪೊಟರೆಯೊಳಗೆ ಇಣುಕಿದ. ತಿಳಿನೀಲಿ ಮೊಟ್ಟೆಗಳು ಒಂದಕ್ಕೊಂದು ಒತ್ತಿಕೊಂಡು ಮಲಗಿದ್ದವು. ಮತ್ತೆ ಕೈ ನಿಂತಿತು. ಮತ್ತೆ ಹಿಂದಕ್ಕೆ ಹೋದ.

"ಬುದ್ಧಿ, ಎಣ್ಣೆ ಬಿಟ್ಟರೂ ಕೈ ನಿಂತುಬಿಡ್ತು. ನಿಜವಾಗಿಯೂ ನನಗೆ ಜೀವ ಇಲ್ಲವಾ?"

ಈ ಸಲ ಮಾಚಯ್ಯ ನಗಲಿಲ್ಲ. "ಜೀವ ಇರೋರು ಅಳ್ತಾರೆ. ಎಲ್ಲಿ, ಒಂದು ಹನಿ ಅಳು ನೋಡೋಣ."

ಠಣ್ಣಪ್ಪ ಅಳಲು ನೋಡಿದ. ಮುಖ ಸೊಟ್ಟ ಮಾಡಿದ. ಮೊಟ್ಟೆಗಳನ್ನು ನೆನೆದ. ಕಣ್ಣಿನ ಅಂಚಿನಿಂದ ಒಂದು ತೊಟ್ಟು ಮೆಲ್ಲಗೆ ಇಳಿಯಿತು. ಮಾಚಯ್ಯ ಅದನ್ನು ಬೆರಳಲ್ಲಿ ಒರೆಸಿ ಮೂಸಿದ.

"ಹರಳೆಣ್ಣೆ ಕಣೋ ಇದು! ನೋಡು, ನಾಳೆ ಮರ ಬೀಳಬೇಕು. ಬೀಳದಿದ್ದರೆ ನಿನ್ನನ್ನೇ ಕರಗಿಸಿ ಬಚ್ಚಲಿಗೆ ಹಂಡೆ ಮಾಡಿಸ್ತೀನಿ."

ಮೂರನೆಯ ದಿನ ಠಣ್ಣಪ್ಪ ಹೋದಾಗ ಸುಡುಬಿಸಿಲು. ತಾಮ್ರದ ಮೈ ಕಾದು ಕೆಂಡವಾಗಿತ್ತು. ಮರದ ಕೆಳಗೆ ಬಂದದ್ದೇ ತಣ್ಣಗಾಯಿತು. ಅಳಿಲು ಬರಲಿಲ್ಲ, ಅದು ಮಕ್ಕಳ ಮೇಲೆ ಬಾಲ ಹೊದಿಸಿ ಕೂತಿತ್ತು. ಗೊರವಂಕ ಮಾತಾಡಲಿಲ್ಲ, ಅದು ಮೊಟ್ಟೆಗಳ ಮೇಲಿಂದ ಏಳಲಿಲ್ಲ. ಮರವಂತೂ ಏನೂ ಅನ್ನಲಿಲ್ಲ. ಬೇಡ ಅನ್ನಲಿಲ್ಲ, ಅಯ್ಯೋ ಅನ್ನಲಿಲ್ಲ. ಕಡಿಯಲು ಬಂದವನ ಮೇಲೂ ನೆರಳು ಹಾಸಿ ಸುಮ್ಮನೆ ನಿಂತಿತ್ತು.

ಠಣ್ಣಪ್ಪ ಕೊಡಲಿ ಎತ್ತಿದ. ಯಾರೂ ತಡೆಯಲಿಲ್ಲ. ಆದರೂ ಕೈ ಇಳಿಯಲಿಲ್ಲ.

'ಮೊದಲ ದಿನ ಅಳಿಲು ತಡೆಯಿತು ಅಂದುಕೊಂಡೆ. ನಿನ್ನೆ ಗೊರವಂಕ ತಡೆಯಿತು ಅಂದುಕೊಂಡೆ. ಇವತ್ತು ತಡೆದವರು ಯಾರು? ಇಲ್ಲಿ ಇನ್ಯಾರೂ ಇಲ್ಲ. ಹಾಗಾದರೆ ನಾನೇ.'

ಹಂಡೆಯಾದರೆ ಆಗಲಿ ಅಂದುಕೊಂಡು ಕೊಡಲಿ ಕೆಳಗಿಟ್ಟ. ಬುಡಕ್ಕೆ ಒರಗಿ ಕೂತ. ಠಣ್.

ಮಾಚಯ್ಯ ಹುಡುಕಿಕೊಂಡು ಬಂದು ನೋಡಿದ. ರೇಗಿತು. ಠಣ್ಣಪ್ಪನನ್ನು ಹೊರಡಿಸಿಕೊಂಡು ನೇರ ರಾಜನ ಮುಂದೆ ನಿಲ್ಲಿಸಿದ.

"ಮಹಾಸ್ವಾಮಿ, ಈ ಯಂತ್ರ ಕೆಟ್ಟುಹೋಗಿದೆ. ಕರಗಿಸೋಕೆ ಅಪ್ಪಣೆ ಆಗಬೇಕು."

"ಏನಾಗಿದೆ ಅದಕ್ಕೆ?"

"ಮರ ಕಡಿ ಅಂತ ಮೂರು ದಿನದಿಂದ ಹೇಳ್ತಾ ಇದ್ದೀನಿ, ಕಡಿಯಲ್ಲ."

"ಯಾವ ಮರ?"

"ಅದೇ... ಏರಿ ಪಕ್ಕದ ಹಲಸು."

ರಾಜ ಸಿಂಹಾಸನದಿಂದ ಅರ್ಧ ಎದ್ದ. "ಅದು ಬಾಣಂತಿ ಅಲ್ಲವೇನಯ್ಯ?"

ಮಾಚಯ್ಯ ಈ ಪ್ರಶ್ನೆಗೇ ಕಾದಿದ್ದ. "ಕಟ್ಟಳೆ ಇರೋದು ಜೀವ ಇರೋ ಕೈಗೆ, ಮಹಾಸ್ವಾಮಿ. ಇವನು ಉಣ್ಣಲ್ಲ, ಅಳಲ್ಲ, ಬರೀ ತಾಮ್ರ. ತಾಮ್ರಕ್ಕೆ ಎಲ್ಲಿಯ ಕಟ್ಟಳೆ?"

ರಾಜ ತಲೆ ಕೆರೆದುಕೊಂಡ. ಮಾತು ಮನಸ್ಸಿಗೆ ಒಪ್ಪಲಿಲ್ಲ, ಆದರೆ ಕಟ್ಟಳೆಗೆ ಸರಿಯಾಗಿಯೇ ಇತ್ತು. "ನೀನೇನು ಹೇಳ್ತೀಯಪ್ಪ ಠಣ್ಣಪ್ಪ?"

"ಅವರು ಹೇಳಿದ್ದು ಒಪ್ಪಿದೆ ಮಹಾಸ್ವಾಮಿ. ನನಗೆ ಜೀವ ಇಲ್ಲ."

ಮಾಚಯ್ಯ ಹಲ್ಲು ಬಿಟ್ಟ.

"ಒಂದು ಕೇಳ್ತೀನಿ" ಅಂದ ಠಣ್ಣಪ್ಪ. "ಕೊಡಲಿಗೆ ಜೀವ ಇದೆಯಾ?"

"ಇಲ್ಲ" ಅಂದ ರಾಜ.

"ಬಾಣಂತಿ ಮರ ಕಡಿದರೆ ಶಿಕ್ಷೆ ಕೊಡಲಿಗೋ, ಕೊಡಲಿ ಹಿಡಿದ ಕೈಗೋ?"

"ಹಿಡಿದ ಕೈಗೆ."

"ಜೀವ ಇಲ್ಲದ ಮೇಲೆ ನಾನೂ ಒಂದು ಕೊಡಲಿ, ಸ್ವಲ್ಪ ದೊಡ್ಡದು. ಈ ದೊಡ್ಡ ಕೊಡಲೀನ ಮೂರು ದಿನ ಬಾಣಂತಿ ಮರದ ಮೇಲೆ ಬೀಸಿದ ಕೈ ಯಾರದು ಮಹಾಸ್ವಾಮಿ?"

ಸಭೆಯ ಕಣ್ಣೆಲ್ಲ ಮಾಚಯ್ಯನ ಕೈ ಮೇಲೆ. ಮಾಚಯ್ಯ ಎರಡೂ ಕೈಯನ್ನು ಶಲ್ಯದ ಒಳಗೆ ಎಳೆದುಕೊಂಡ.

"ಇಲ್ಲ ಇಲ್ಲ! ಇವನೆಲ್ಲಿ ಕೊಡಲಿ! ನಡೀತಾನೆ, ಮಾತಾಡ್ತಾನೆ, ನನ್ನೆದುರಿಗೇ ಹಟ ಮಾಡ್ತಾನೆ! ಇವನಿಗೆ ಜೀವ ಇದೆ ಮಹಾಸ್ವಾಮಿ, ನನಗಿಂತ ಜಾಸ್ತೀನೇ ಇದೆ!"

"ಅದನ್ನೂ ಒಪ್ಪಿದೆ" ಅಂದ ಠಣ್ಣಪ್ಪ. "ಜೀವ ಇದ್ದಮೇಲೆ ನಾನು ಆ ಮರ ಕಡಿಯೋ ಹಾಗಿಲ್ಲ. ಕಡಿಯದೆ ಇದ್ದದ್ದು ತಪ್ಪಲ್ಲ. ಜೀವ ಇರೋನನ್ನ ಕರಗಿಸಿ ಹಂಡೆ ಮಾಡೋದಂತೂ ಎಲ್ಲೂ ಇಲ್ಲ."

ರಾಜನಿಗೆ ನಗು ತಡೆಯಲಾಗಲಿಲ್ಲ. "ಮಾಚಯ್ಯ, ಒಂದೇ ಮಾತು ಹೇಳಿಬಿಡು. ಇವನಿಗೆ ಜೀವ ಇದೆಯೋ, ಇಲ್ಲವೋ?"

"ಇದೆ... ಇಲ್ಲ... ಅಂದರೆ ಇದೆ..." ಮಾಚಯ್ಯ ಅಲ್ಲಿಯೇ ಕುಸಿದು ಕೂತ.

ರಾಜ ತೀರ್ಪು ಕೊಟ್ಟ. "ಬಾಣಂತಿಗೆ ಕಾಟ ಕೊಟ್ಟವನು ಬಾಣಂತನ ಮಾಡಲಿ. ಕಡೆಯ ಹಣ್ಣು ಬೀಳೋವರೆಗೆ ಮಾಚಯ್ಯನೇ ಆ ಮರಕ್ಕೆ ನೀರು ಹೊರಬೇಕು, ಗೂಡಿನ ಹತ್ತಿರ ಬರೋ ಕಾಗೆ ಓಡಿಸಬೇಕು, ಹಣ್ಣು ಬಿಡಿಸಿ ಮನೆಮನೆಗೆ ಹಂಚಬೇಕು. ಮತ್ತೆ ಇವತ್ತಿನಿಂದ ಕಟ್ಟಳೆಯಲ್ಲಿ 'ಜೀವ ಇರುವ' ಅನ್ನೋ ಮಾತು ಬೇಡ. ಯಾವ ಕೈಯೂ ಕಡಿಯಬಾರದು, ಯಾವ ಬಾಯಿಯೂ ಕಡಿ ಅನ್ನಬಾರದು."

ಆಮೇಲೆ ಠಣ್ಣಪ್ಪನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದ. "ವಾದ ಇರಲಿ ಮಾರಾಯ. ನಿಜ ಹೇಳು, ನಿನಗೆ ಜೀವ ಇದೆಯಾ?"

ಠಣ್ಣಪ್ಪ ತನ್ನ ಕೈಯನ್ನು ನೋಡಿಕೊಂಡ. "ಗೊತ್ತಿಲ್ಲ ಮಹಾಸ್ವಾಮಿ. ಒಂದು ಮಾತ್ರ ಗೊತ್ತು. ಕೈ ಎತ್ತಿದ್ದು ಅವರು ಹೇಳಿದ್ದಕ್ಕೆ. ಕೈ ತಡೆದದ್ದು ನಾನೇ."

"ನನಗೆ ಅಷ್ಟು ಸಾಕು" ಅಂದ ರಾಜ.

ಹಣ್ಣಿನ ಕಾಲ ಬಂತು. ಊರೆಲ್ಲ ಘಮಘಮ. ಮಾಚಯ್ಯ ಮರದ ಕೆಳಗೆ ಕೂತು ಹಲಸು ಬಿಡಿಸಿದ. ಕೈಗೆ ಅಂಟು, ಮೊಣಕೈಗೆ ಅಂಟು, ಮೀಸೆ ತಿರುವಲು ಹೋಗಿ ಮೀಸೆಗೂ ಅಂಟು. "ಮಾಚಯ್ಯನೋರೆ, ಎಣ್ಣೆ ಬೇಕಾ?" ಅಂತ ಊರ ಮಕ್ಕಳು ಬಟ್ಟಲು ಹಿಡಿದು ನಿಂತವು. ಮೊದಲ ದಿನ ಗದರಿಸಿದ. ಎರಡನೆಯ ದಿನ ಮುಖ ತಿರುಗಿಸಿದ. ಮೂರನೆಯ ದಿನ ಎಣ್ಣೆಯನ್ನೂ ಈಸಿಕೊಂಡ, ಮಕ್ಕಳ ಕೈಗೆ ಎರಡೆರಡು ತೊಳೆಯನ್ನೂ ಇಟ್ಟ.

ಕತೆಯ ನೀತಿ ಇಷ್ಟೇ ಮಕ್ಕಳೇ. ಕೆಟ್ಟ ಕೆಲಸವನ್ನು ಯಾರ ಕೈಯಿಂದ ಮಾಡಿಸಿದರೂ ಅದು ಮಾಡಿಸಿದವನದೇ. ಮತ್ತೆ, ಇನ್ನೊಂದು ಜೀವವನ್ನು ಕಂಡು ಎತ್ತಿದ ಕೈಯನ್ನು ತಾನಾಗಿ ತಡೆಯಬಲ್ಲವನೇ ನಿಜವಾಗಿ ಬದುಕಿರುವವನು.

ಅವರು ಅಲ್ಲಿ ಹಣ್ಣು ತಿಂದು ಕೈ ತೊಳೆದರು. ನಾವು ಇಲ್ಲಿ ಕತೆ ಕೇಳಿ ಎದ್ದೆವು.