ಬಾಮೈದ ಕಾಯುವ ಗಂಟು

"ಜೇನು ಕೀಳೋದೂ ಒಂದು ವಿದ್ಯೆಯೇನ್ರೋ? ಹುಲಿ ಹೊಡೆದ ಕೈ ಇದು. ನಾನೇ ಇಳಿದು ತೆಗೀತೀನಿ!"

ಅರಸ ವೀರಮಲ್ಲ ಹೀಗೆ ಗುಡುಗಿದ್ದು ಕರಡಿಬೆಟ್ಟದ ನೆತ್ತಿಯಲ್ಲಿ, ಬೆಟ್ಟದ ಜೇನುಗಾರರೆಲ್ಲರ ಎದುರಿಗೆ. ಕೆಳಗಿನ ಕಡಿದಾದ ಬಂಡೆಯಲ್ಲಿ ಮೊರದಗಲದ ಹೆಜ್ಜೇನು ಹುಟ್ಟುಗಳು ಸಾಲಾಗಿ ತೂಗುತ್ತಿದ್ದವು. ಅಷ್ಟೂ ಜೇನು ಇನ್ನು ಅರಮನೆಗೇ ಬರಬೇಕೆಂದು ಅವನ ಹಟ. ಜೇನು ಕೊಟ್ಟು ರಾಗಿ, ಉಪ್ಪು ತರುತ್ತಿದ್ದ ಜನ "ಜೀವ ಒತ್ತೆಯಿಟ್ಟು ಜೇನು ತೆಗೀತೀವಿ ಬುದ್ಧಿ, ನಮ್ಮ ಹೊಟ್ಟೆಗಾದರೂ ಬಿಡಿ" ಎಂದು ಗೋಗರೆದಿದ್ದರು. ಅದಕ್ಕೇ ಈ ಗುಡುಗು.

"ಒಂದು ಹುಟ್ಟು ತೆಗೆದರೆ ಬಂಡೆ ನಂದು. ಇಲ್ಲದಿದ್ರೆ ನಿಮ್ಮದು. ಯಾರು ಒಪ್ತೀರಿ?"

"ನಾನು ಒಪ್ಪಿದೆ ಬುದ್ಧಿ!" ಎಂದ ಜಡೆಯ. ಆ ಸೀಮೆಯಲ್ಲೇ ಅವನಂಥ ಜೇನುಗಾರ ಇನ್ನೊಬ್ಬನಿರಲಿಲ್ಲ. ಬಾಯಿ ಅದಕ್ಕಿಂತ ಜೋರು.

ಅವನ ಅತ್ತೆ ಪಕ್ಕೆ ತಿವಿದಳು. "ಅಳಿಯಾ, ನಿನ್ನ ಬಾಯಿಗೆ ಮಣ್ಣು ಹಾಕ! ನಮ್ಮ ಅನ್ನ ಕಳೆದೆಯಲ್ಲೋ!"

"ಸುಮ್ನಿರತ್ತೆ. ಇಳಿಸೋನು ನಾನು ತಾನೇ?"

ಹಗ್ಗದ ಒಂದು ತುದಿ ಹೊನ್ನೆಮರಕ್ಕೆ, ಇನ್ನೊಂದು ಅರಸನ ಸೊಂಟಕ್ಕೆ ಬಿತ್ತು. ಅರಸ ಕೆಳಗೆ ಬಗ್ಗಿ ನೋಡಿದ. ಬಂಡೆಯ ಬುಡದಲ್ಲಿ ಕರಡಿಯೊಂದು ಆರಾಮಾಗಿ ಮೈ ಕೆರೆದುಕೊಳ್ಳುತ್ತ ಕೂತಿತ್ತು.

"ಅದ್ಯಾಕೋ ಅಲ್ಲಿ?"

"ಮೇಲಿಂದ ಬಿದ್ದದ್ದೆಲ್ಲ ಅದರ ಪಾಲು ಬುದ್ಧಿ. ಜೇನಾದರೂ ಸರಿ, ಜೇನುಗಾರನಾದರೂ ಸರಿ."

ಅರಸ ಮೀಸೆ ತಿರುವಿದ. "ಮರದ ಹತ್ರ ಗಂಟು ಕಾಯೋಕೆ ನನ್ನ ಹತ್ತು ಜಟ್ಟಿಗಳು ನಿಲ್ಲಲಿ."

"ಉಹೂಂ. ನಮ್ಮಲ್ಲಿ ಗಂಟು ಕಾಯೋನು ಬಾಮೈದ ಒಬ್ಬನೇ. ಗಂಟು ಬಿಚ್ಚಿದರೆ ಒಡಹುಟ್ಟಿದವಳ ತಾಳಿ ಹೋಗ್ತದಲ್ಲ, ಅದಕ್ಕೇ ಕಣ್ಣು ಮಿಟುಕಿಸದೆ ಕಾಯ್ತಾನೆ. ನನಗೂ ನನ್ನ ಬಾಮೈದನೇ ಕಾಯೋದು. ಇದು ಬೆಟ್ಟದ ಕಟ್ಟಳೆ."

"ಓಹೋ, ನನಗೂ ಇದ್ದಾನೆ ಬಾಮೈದ! ನಾಗರಸಾ!"

ಹಿಂದೆ ಆಕಳಿಸುತ್ತಿದ್ದ ದಳವಾಯಿ ನಾಗರಸ, ರಾಣಿಯ ತಮ್ಮ, ಒಂದೇ ನೆಗೆತಕ್ಕೆ ಮರದ ಬುಡ ಸೇರಿದ. ಅರಸನಿಗೆ ಮಕ್ಕಳಿರಲಿಲ್ಲ. ಮುಂದಿನ ಪಟ್ಟ ಯಾರಿಗೆ ಅಂದರೆ ಊರೆಲ್ಲ ಇವನ ಕಡೆಗೇ ಕೈ ತೋರಿಸುತ್ತಿತ್ತು.

"ನಿಶ್ಚಿಂತೆಯಾಗಿ ಇಳೀರಿ ಭಾವ," ಎಂದ ನಾಗರಸ. ಆಮೇಲೆ ಜಡೆಯನ ಕಡೆ ತಿರುಗಿ ಮೆಲ್ಲಗೆ ಕೇಳಿದ, "ಈ ಗಂಟು ಯಾವ ಕಡೆ ಎಳೆದರೆ ಬಿಚ್ಚತ್ತಯ್ಯ?"

ಎಷ್ಟು ಮೆಲ್ಲಗೆ ಕೇಳಿದರೇನು, ಅರಸನ ಕಿವಿ ಚುರುಕು. ಬಂಡೆಯ ಅಂಚಿಗೆ ಇಟ್ಟಿದ್ದ ಕಾಲನ್ನು ಹಾಗೇ ಹಿಂದಕ್ಕೆ ಎಳೆದುಕೊಂಡ.

"ಯಾಕೋ ಸೊಂಟ ಹಿಡಿದಂಗಿದೆ ಜಡೆಯಾ. ಹಗ್ಗ ಬಿಚ್ಚು. ಬಂಡೆ ನಿಮ್ಮದೇ, ಜೇನೂ ನಿಮ್ಮದೇ."

ಬೆಟ್ಟದ ಜನ ಹೋ ಎಂದು ಕೂಗಿದರು. ನಾಗರಸ ಮರದ ಹಿಂದೆ ಮರೆಯಾದ. ಅರಸನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು.

"ಲೋ, ನಿಜ ಹೇಳು. ನನ್ನ ಬಾಮೈದ ಎಂಥೋನು ಅಂತ ನನಗೇ ಗೊತ್ತಿರಲಿಲ್ಲ. ನಿನಗೆ ಹೇಗೋ ಗೊತ್ತಾಯ್ತು?"

"ಬೆಳಿಗ್ಗೆ ಬೆಟ್ಟ ಹತ್ತುವಾಗ ನೀವು ಎಡವಿದ್ರಲ್ಲ ಬುದ್ಧಿ," ಎಂದ ಜಡೆಯ. "ಎಲ್ಲರೂ ನಿಮ್ಮನ್ನ ಹಿಡಿಯೋಕೆ ಓಡಿದ್ರು. ದಳವಾಯಿಗಳೊಬ್ಬರು ಮಾತ್ರ ಕಿರೀಟ ಹಿಡಿಯೋಕೆ ಓಡಿದ್ರು."